ಒಂದು ಡಿಎನ್‌ಎ ಪ್ರೋಬಿನ ಪಹಣಿ ಓದುವುದು

ಬಯೋಟೆಕ್ನಾಲಜಿ ಓದುವ ಎಂಎಸ್‌ಸಿ ವಿದ್ಯಾರ್ಥಿಗಳ ಮುಂದೆ ಆಡಿದ ಮಾತು ಇದು. ಬರೆದು ಕೊಡಿ ಎಂದು ಕೆಲವರು ಕೇಳಿದರು. ಅಂದು ಸ್ಕ್ರೀನ್ ಮೇಲೆ ತೋರಿಸಿದ್ದನ್ನು ಇಲ್ಲಿ ಮಾತಿನಲ್ಲೇ ಹೇಳಬೇಕು, ಹಾಗಾಗಿ ಅಲ್ಲಲ್ಲಿ ಸ್ವಲ್ಪ ಬಿಡಿಸಿ ಬರೆದಿದ್ದೇನೆ.

ಎಲ್ಲರಿಗೂ ನಮಸ್ಕಾರ. ಮನೆಯಲ್ಲಿ ಜಮೀನಿರುವವರು ಒಮ್ಮೆ ಕೈ ಎತ್ತಿ. ಅರ್ಧಕ್ಕಿಂತ ಜಾಸ್ತಿ ಇದ್ದೀರಿ. ಹಾಗಾದರೆ ಪಹಣಿ ನೋಡಿರುತ್ತೀರಿ. ಸರ್ವೆ ನಂಬರು, ಹಿಸ್ಸಾ, ಎಕರೆ ಗುಂಟೆ, ಮಣ್ಣಿನ ಬಗೆ ಎಲ್ಲ ಇರುತ್ತದೆ. 9ನೇ ಕಾಲಂನಲ್ಲಿ ಹೆಸರು ಇರುತ್ತದೆ. ಜಮೀನು ಎಲ್ಲಿಗೂ ಹೋಗುವುದಿಲ್ಲ, ಆದರೆ ಆ ಕಾಲಂ ಬದಲಾಗುತ್ತಲೇ ಇರುತ್ತದೆ. ಅಜ್ಜನ ಹೆಸರು ಹೋಗಿ ಅಪ್ಪನ ಹೆಸರು ಬರುತ್ತದೆ. ಆಮೇಲೆ ಮೂವರು ಅಣ್ಣತಮ್ಮಂದಿರ ಹೆಸರು ಜಂಟಿಯಾಗಿ ಬರುತ್ತದೆ. ಜಮೀನು ಕೊಳ್ಳುವವರು 9ನೇ ಕಾಲಂ ಒಂದನ್ನೇ ನೋಡಿ ದುಡ್ಡು ಕೊಡುವುದಿಲ್ಲ. ಚಕ್ಕುಬಂದಿ ಕೇಳುತ್ತಾರೆ, ನಕ್ಷೆ ಬಿಚ್ಚುತ್ತಾರೆ, ಹೊಲಕ್ಕೆ ಹೋಗಿ ಬದುವಿನ ಮೇಲೆ ನಿಲ್ಲುತ್ತಾರೆ.

ಸಾವಿರಾರು ಜೀನ್‌ಗಳು ಎಷ್ಟೆಷ್ಟು ಕೆಲಸ ಮಾಡುತ್ತಿವೆ ಎಂದು ಒಂದೇ ಚಿಪ್ಪಿನ ಮೇಲೆ ಅಳೆಯುವುದೇ ಮೈಕ್ರೋಅರೇ. ಅದರ ಡೇಟಾ ತೆರೆದಾಗ ನಾವು ಇದನ್ನು ಮಾಡುವುದಿಲ್ಲ. ಜೀನ್ ಹೆಸರಿನ ಕಾಲಂ ನೋಡುತ್ತೇವೆ, ಈ ಜೀನ್ ಏರಿದೆ, ಆ ಜೀನ್ ಇಳಿದಿದೆ ಎಂದು ಬರೆದುಬಿಡುತ್ತೇವೆ. ಆ ಹೆಸರಿನ ಕೆಳಗೆ ಯಾವ ಡಿಎನ್‌ಎ ಅಕ್ಷರಗಳು ಕುಳಿತಿವೆ ಎಂದು ನೋಡುವವರು ಕಡಿಮೆ. ಇವತ್ತು ಒಂದೇ ಒಂದು ಸಾಲನ್ನು ಕೊನೆವರೆಗೂ ಓದೋಣ. ನಾನು ಬಂದಿರುವುದು ಅಷ್ಟಕ್ಕೇ.

ಯಾವ ಸಾಲು? ಅಮೆರಿಕದ ಜೈವಿಕ ಮಾಹಿತಿ ಕೇಂದ್ರ ಎನ್‌ಸಿಬಿಐನವರ ಜಿಯೋ ಎಂಬ ಡೇಟಾಬೇಸ್ 2000ದಿಂದ ಇದೆ. ಪ್ರಪಂಚದ ಪ್ರಯೋಗಾಲಯಗಳು ತಮ್ಮ ಮೈಕ್ರೋಅರೇ ಡೇಟಾವನ್ನು ಅದರಲ್ಲಿ ಇಡುತ್ತವೆ. ಪ್ರತಿಯೊಂದು ಚಿಪ್ಪಿನ ವಿನ್ಯಾಸಕ್ಕೂ ಅಲ್ಲಿ ಒಂದು ನಂಬರು ಇದೆ. ಜಿಪಿಎಲ್570 ಎಂದರೆ ಅಫಿಮೆಟ್ರಿಕ್ಸ್ ಕಂಪನಿಯ ಎಚ್‌ಜಿ-ಯು133 ಪ್ಲಸ್ 2.0 ಚಿಪ್. ಮನುಷ್ಯರ ಜೀನ್‌ಗಳಿಗಾಗಿ ಮಾಡಿದ್ದು. ಈ ಒಂದೇ ಚಿಪ್ಪಿನ ಮೇಲೆ ಒಂದು ಲಕ್ಷಕ್ಕೂ ಹೆಚ್ಚು ಸ್ಯಾಂಪಲ್‌ಗಳ ಡೇಟಾ ಅಲ್ಲಿ ಬಿಟ್ಟಿಯಾಗಿ ಸಿಗುತ್ತದೆ. ಈಗ ಎಲ್ಲರೂ ಆರ್‌ಎನ್‌ಎ ಸೀಕ್ವೆನ್ಸಿಂಗ್ ಮಾಡುತ್ತಾರೆ, ಹಳೇ ಚಿಪ್ ಯಾಕೆ ಎಂದು ನೀವು ಕೇಳಬಹುದು. ಹಣವಿಲ್ಲದ ಕಾಲೇಜಿನ ವಿದ್ಯಾರ್ಥಿಗೆ ಕೈಗೆ ಸಿಗುವ ಖಜಾನೆ ಇದೇ. ಲ್ಯಾಪ್‌ಟಾಪ್ ಒಂದಿದ್ದರೆ ಸಾಕು.

ಆ ಪಟ್ಟಿಯಲ್ಲಿ 54,675 ಸಾಲುಗಳಿವೆ. ಮೊಟ್ಟಮೊದಲ ಸಾಲಿನ ಗುರುತು 1007_ಎಸ್_ಎಟಿ. ಈ ಡೇಟಾವನ್ನು ತೆರೆದವರೆಲ್ಲರ ಕಣ್ಣಿಗೆ ಮೊದಲು ಬೀಳುವುದೇ ಇದು. ಆರ್ ಎಂಬ ಪ್ರೋಗ್ರಾಮಿನಲ್ಲಿ ಮೇಲಿನ ಆರು ಸಾಲು ತೋರಿಸು ಎಂದರೂ ಇದೇ ಮೊದಲು. ಲಕ್ಷಾಂತರ ಸಲ ಕಂಡ ಸಾಲು. ಓದಿದವರು ಎಷ್ಟು ಜನರೋ.

ಮೊದಲು ಪ್ರೋಬ್ ಎಂದರೇನು ಎಂದು ಎರಡು ಮಾತು. ಡಿಎನ್‌ಎಯಲ್ಲಿ ಎ ಅಕ್ಷರ ಟಿ ಜೊತೆ ಜೋಡಿಯಾಗುತ್ತದೆ, ಸಿ ಅಕ್ಷರ ಜಿ ಜೊತೆ. ಗಾಜಿನ ಮೇಲೆ ಗೊತ್ತಿರುವ ಅಕ್ಷರಗಳ ಒಂದು ಚಿಕ್ಕ ಎಳೆ ನೆಟ್ಟರೆ, ಅದಕ್ಕೆ ಜೋಡಿಯಾಗುವ ಎಳೆ ದ್ರಾವಣದಲ್ಲಿದ್ದರೆ ಬಂದು ಕಚ್ಚಿಕೊಳ್ಳುತ್ತದೆ. ಬಂದದ್ದಕ್ಕೆ ಹೊಳೆಯುವ ಬಣ್ಣ ಹಚ್ಚಿದರೆ ಎಷ್ಟು ಬಂತು ಎಂದು ಅಳೆಯಬಹುದು. ನೆಟ್ಟ ಎಳೆಯೇ ಪ್ರೋಬ್. 1995ರಲ್ಲಿ ಸ್ಟ್ಯಾನ್‌ಫರ್ಡ್‌ನ ಪ್ಯಾಟ್ರಿಕ್ ಬ್ರೌನ್ ತಂಡ ಅರಬಿಡಾಪ್ಸಿಸ್ ಎಂಬ ಸಣ್ಣ ಗಿಡದ 45 ಜೀನ್‌ಗಳನ್ನು ಹೀಗೆ ಒಟ್ಟಿಗೆ ಅಳೆದು ತೋರಿಸಿತು. ಅಲ್ಲಿ ಜೀನ್‌ನ ತುಂಡುಗಳನ್ನು ಚುಕ್ಕೆಯಾಗಿ ಇಟ್ಟಿದ್ದರು. ಅಫಿಮೆಟ್ರಿಕ್ಸ್‌ನ ದಾರಿ ಬೇರೆ. ಸ್ಟೀಫನ್ ಫೋಡರ್ ಮತ್ತು ಜೊತೆಗಾರರು 1991ರಲ್ಲಿ ತೋರಿಸಿದ ಹಾಗೆ, ಬೆಳಕನ್ನು ಬೇಕಾದಲ್ಲಿ ಮಾತ್ರ ಬಿಟ್ಟು, ಚಿಪ್ಪಿನ ಮೇಲೆಯೇ ಒಂದೊಂದೇ ಅಕ್ಷರ ಸೇರಿಸುತ್ತಾ ಎಳೆ ಕಟ್ಟುತ್ತಾರೆ. ಹೀಗೆ ಕಟ್ಟಿದ ಎಳೆಯ ಉದ್ದ 25 ಅಕ್ಷರ.

ಈಗ ನಮ್ಮ ಸಾಲಿಗೆ ಬರೋಣ. 1007_ಎಸ್_ಎಟಿ ಒಂದೇ ಪ್ರೋಬ್ ಅಲ್ಲ, ಅದು ಪ್ರೋಬ್‌ಗಳ ಗುಂಪು. ಈ ಚಿಪ್ಪಿನಲ್ಲಿ ಸಾಮಾನ್ಯವಾಗಿ ಒಂದು ಗುಂಪಿನಲ್ಲಿ 11 ಜೋಡಿ ಇರುತ್ತವೆ. ಗುಂಪಿನ ಒಳಗೆ ಹೋಗಲು ಇನ್ನೊಂದು ಕಡತ ತೆರೆಯಬೇಕು, ಪ್ರೋಬ್ ಸೀಕ್ವೆನ್ಸ್‌ನ, ಅಂದರೆ ಅಕ್ಷರಗಳ ಸಾಲಿನ ಕಡತ. ಅದರಲ್ಲಿ ನಮ್ಮ ಗುಂಪಿನ ಮೊದಲ ಪ್ರೋಬಿನ ವಿವರ ಹೀಗಿದೆ: ಎಕ್ಸ್ 718, ವೈ 317, ಸ್ಥಾನ 3330, ದಿಕ್ಕು ಆಂಟಿಸೆನ್ಸ್. ಅಕ್ಷರಗಳು ಇವು:

ಸಿ ಎ ಸಿ ಸಿ ಸಿ ಎ ಜಿ ಸಿ ಟಿ ಜಿ ಜಿ ಟಿ ಸಿ ಸಿ ಟಿ ಜಿ ಟಿ ಜಿ ಜಿ ಎ ಟಿ ಜಿ ಜಿ ಜಿ ಎ.

ದಯವಿಟ್ಟು ಇದನ್ನು ಒಮ್ಮೆ ಬಾಯಿಬಿಟ್ಟು ಓದಿ. ಈ ಚಿಪ್ ಯಾವ ದೇಶದಲ್ಲಿ ಬಳಕೆಯಾಗಿದ್ದರೂ, ಯಾವ ವರ್ಷ ಬಳಕೆಯಾಗಿದ್ದರೂ, 718, 317ರ ಚೌಕದಲ್ಲಿ ಇದೇ ಅಕ್ಷರಗಳಿದ್ದವು. ನಮ್ಮ ಸರ್ವೆ ನಂಬರು ಇದು.

ಎಣಿಸಿ ನೋಡಿ. ಸಿ ಮತ್ತು ಜಿ ಸೇರಿ 16. ಎ ನಾಲ್ಕು, ಟಿ ಐದು. ಅಂದರೆ 64 ಪರ್ಸೆಂಟ್ ಸಿ-ಜಿ. ಎ-ಟಿ ಜೋಡಿಯನ್ನು ಎರಡು ಹೈಡ್ರೋಜನ್ ಬಂಧ ಹಿಡಿದರೆ ಸಿ-ಜಿ ಜೋಡಿಯನ್ನು ಮೂರು ಹಿಡಿಯುತ್ತವೆ. ಹಾಗಾಗಿ ಇದು ಗಟ್ಟಿಯಾಗಿ ಕಚ್ಚಿಕೊಳ್ಳುವ ಪ್ರೋಬ್. ಸರಿಯಾದ ಎಳೆ ಬಂದರೆ ಬಿಡುವುದಿಲ್ಲ. ಆದರೆ ಇಂಥ ಪ್ರೋಬ್ ಹತ್ತಿರದ ಹೋಲಿಕೆಯ ಎಳೆಯನ್ನೂ ಸ್ವಲ್ಪ ಹಿಡಿದುಕೊಳ್ಳುವ ಸಂಭವ ಇರುತ್ತದೆ. ಒಂದೇ ಗುಂಪಿನ ಪ್ರೋಬ್‌ಗಳು ಒಂದೇ ಜೀನ್ ಅಳೆದರೂ ಒಂದು ಜಾಸ್ತಿ ಹೊಳೆಯುತ್ತದೆ, ಇನ್ನೊಂದು ಮಂಕಾಗಿರುತ್ತದೆ. ಅದಕ್ಕೆ ದೊಡ್ಡ ಕಾರಣ ಈ ಅಕ್ಷರಗಳ ಲೆಕ್ಕವೇ.

ಎಕ್ಸ್, ವೈ ಎಂದರೆ ಚಿಪ್ಪಿನ ಮೇಲಿನ ವಿಳಾಸ. ಚಿಪ್ 1164ಕ್ಕೆ 1164ರ ಚೌಕಾಬಾರ. ಒಟ್ಟು 13 ಲಕ್ಷಕ್ಕೂ ಮೀರಿದ ಮನೆಗಳು. ಒಂದೊಂದು ಮನೆಯ ಅಗಲ 11 ಮೈಕ್ರಾನ್. ವಿಳಾಸ ಯಾಕೆ ಬೇಕು? ಚಿಪ್ಪಿನ ಒಂದು ಮೂಲೆಯಲ್ಲಿ ಗುಳ್ಳೆ ಬಂದಿದ್ದರೆ, ಗೀರು ಬಿದ್ದಿದ್ದರೆ, ಅಲ್ಲಿರುವ ಪ್ರೋಬ್‌ಗಳೆಲ್ಲ ತಪ್ಪು ಹೇಳುತ್ತವೆ. ಒಂದೇ ಗುಂಪಿನ ಪ್ರೋಬ್‌ಗಳನ್ನು ಚಿಪ್ಪಿನ ಬೇರೆ ಬೇರೆ ಕಡೆ ಹರಡಿ ಇಟ್ಟಿರುವುದು ಇದಕ್ಕಾಗಿಯೇ. ಒಂದು ಮೂಲೆ ಕೆಟ್ಟರೆ ಇಡೀ ಗುಂಪು ಹಾಳಾಗಬಾರದು.

ನಮ್ಮ ಪ್ರೋಬಿನ ಪಕ್ಕದ ಮನೆ 718, 318. ಅಲ್ಲಿ ಅದರ ಜೋಡಿ ಇದೆ. 24 ಅಕ್ಷರ ಅದೇ, ನಡುವಿನ 13ನೆಯದು ಮಾತ್ರ ಬೇರೆ. ನಮ್ಮದರಲ್ಲಿ 13ನೆಯದು ಸಿ, ಎಣಿಸಿದರೆ ಸಿಗುತ್ತದೆ. ಜೋಡಿಯಲ್ಲಿ ಆ ಜಾಗದಲ್ಲಿ ಜಿ ಇಟ್ಟಿದ್ದಾರೆ. ಇದು ಬೇಕೆಂದೇ ಮಾಡಿದ ತಪ್ಪು. ಸಿಕ್ಕಸಿಕ್ಕದ್ದು ಎಷ್ಟು ಕಚ್ಚಿಕೊಳ್ಳುತ್ತದೆ ಎಂದು ಈ ತಪ್ಪು ಪ್ರೋಬ್ ಹೇಳುತ್ತದೆ, ಅದನ್ನು ಸರಿ ಪ್ರೋಬಿನಿಂದ ಕಳೆದರೆ ನಿಜವಾದ ಅಳತೆ ಸಿಗುತ್ತದೆ ಎಂಬುದು ಮೂಲ ಯೋಚನೆ. ಯೋಚನೆ ಚೆನ್ನಾಗಿತ್ತು. ಆದರೆ ಡೇಟಾ ನೋಡಿದಾಗ ಹೆಚ್ಚುಕಡಿಮೆ ಮೂರನೇ ಒಂದು ಭಾಗ ಜೋಡಿಗಳಲ್ಲಿ ತಪ್ಪು ಪ್ರೋಬೇ ಜಾಸ್ತಿ ಹೊಳೆಯುತ್ತಿತ್ತು. ಕಳೆದರೆ ಮೈನಸ್ ಬರುತ್ತದೆ. ಅದಕ್ಕೇ 2003ರಲ್ಲಿ ಬಂದ ಆರ್‌ಎಂಎ ಎಂಬ ವಿಧಾನ ಆ ತಪ್ಪು ಪ್ರೋಬ್‌ಗಳನ್ನು ಪೂರ್ತಿ ಬಿಟ್ಟುಬಿಟ್ಟಿತು. ಇವತ್ತು ನೀವು ಜಿಯೋದಿಂದ ಇಳಿಸಿಕೊಳ್ಳುವ ಎಷ್ಟೋ ಡೇಟಾದಲ್ಲಿ ಚಿಪ್ಪಿನ ಅರ್ಧ ಮನೆಗಳ ಮಾತು ಸೇರಿರುವುದೇ ಇಲ್ಲ. ಸೇರಿದೆಯೋ ಇಲ್ಲವೋ ಎಂದು ನೋಡಿಕೊಳ್ಳಿ.

ಸ್ಥಾನ 3330 ಎಂದರೆ? ಈ ಗುಂಪನ್ನು ಯಾವ ಸೀಕ್ವೆನ್ಸ್ ನೋಡಿ ವಿನ್ಯಾಸ ಮಾಡಿದರೋ ಅದರ ನಂಬರು ಪಟ್ಟಿಯಲ್ಲೇ ಇದೆ, ಯು48705. ಪ್ರೋಬಿನ ನಡು ಅಕ್ಷರ ಅದರ 3330ನೇ ಅಕ್ಷರದ ಮೇಲೆ ಕೂರುತ್ತದೆ. ಇಷ್ಟು ದೊಡ್ಡ ಸಂಖ್ಯೆ ಯಾಕೆ? ಪ್ರೋಬ್‌ಗಳನ್ನು ಜೀನ್‌ನ ಬಾಲದ ಕಡೆಯಿಂದ ಆರಿಸಿದ್ದಾರೆ. ಜೀನ್ ಕೆಲಸ ಮಾಡುವಾಗ ಹೊರಬರುವ ಅದರ ಪ್ರತಿಯೇ ಎಂಆರ್‌ಎನ್‌ಎ. ಅದಕ್ಕೆ ಕೊನೆಯಲ್ಲಿ ಎ ಅಕ್ಷರಗಳ ಉದ್ದ ಬಾಲ ಇರುತ್ತದೆ. ಆ ಬಾಲ ಹಿಡಿದೇ ನಕಲು ಶುರುವಾಗುತ್ತದೆ. ನಕಲು ಅರ್ಧಕ್ಕೆ ನಿಂತರೂ ಬಾಲದ ಹತ್ತಿರದ ಭಾಗ ಸಿಕ್ಕಿರುತ್ತದೆ. ಇದರಿಂದ ಒಂದು ತೊಡಕೂ ಇದೆ. ನಿಮ್ಮ ಜೀನ್ ಬೇರೆ ಬೇರೆ ಜಾಗದಲ್ಲಿ ಬಾಲ ಮುಗಿಸುವ ಜಾತಿಯದಾಗಿದ್ದರೆ, ಗಿಡ್ಡ ಬಾಲದ್ದು ಈ ಪ್ರೋಬ್‌ಗಳಿಗೆ ಕಾಣುವುದೇ ಇಲ್ಲ. ಜೀನ್ ಚುರುಕಾಗಿ ಕೆಲಸ ಮಾಡುತ್ತಿದ್ದರೂ ಚಿಪ್ ಇಲ್ಲ ಎನ್ನುತ್ತದೆ.

ಇನ್ನು ದಿಕ್ಕು. ಇಲ್ಲಿ ವಿದ್ಯಾರ್ಥಿಗಳು ಜಾಸ್ತಿ ಗಲಿಬಿಲಿಯಾಗುತ್ತಾರೆ, ನಿಧಾನವಾಗಿ ಹೋಗೋಣ. ಆಂಟಿಸೆನ್ಸ್ ಎಂದು ಬರೆದಿರುವುದು ಪ್ರೋಬಿನ ದಿಕ್ಕಲ್ಲ. ಬಂದು ಕಚ್ಚಿಕೊಳ್ಳುವ ಎಳೆಯ ದಿಕ್ಕು. ಎಂಆರ್‌ಎನ್‌ಎಯಿಂದ ಮೊದಲು ಸಿಡಿಎನ್‌ಎ ಎಂಬ ಡಿಎನ್‌ಎ ನಕಲು, ಅದರಿಂದ ಬಣ್ಣ ಹಿಡಿಯಲು ಬಯೋಟಿನ್ ಹಚ್ಚಿದ ಸಿಆರ್‌ಎನ್‌ಎ ಎಂಬ ಆರ್‌ಎನ್‌ಎ ನಕಲು ಮಾಡುತ್ತಾರೆ. ಹೀಗೆ ತಯಾರಾದದ್ದು ಎಂಆರ್‌ಎನ್‌ಎಗೆ ಉಲ್ಟಾ ಎಳೆ. ಉಲ್ಟಾ ಎಳೆಯನ್ನು ಹಿಡಿಯಬೇಕಾದ ಪ್ರೋಬ್ ಎಂಆರ್‌ಎನ್‌ಎಯ ಹಾಗೇ ಇರಬೇಕು, ಅಲ್ವಾ? ಹಾಗಾಗಿ ನಾವು ಈಗ ಓದಿದ 25 ಅಕ್ಷರ ಜೀನ್‌ನ ಮಾತನ್ನೇ ಹಾಗೆಹಾಗೇ ಬರೆದ ಹಾಗೆ. ಗುಂಪಿನ ಗುರುತಿನ ಕೊನೆಯಲ್ಲಿರುವ ಎಟಿ ಕೂಡ ಆಂಟಿಸೆನ್ಸ್ ಟಾರ್ಗೆಟ್ ಎಂಬುದರ ಚಿಕ್ಕ ರೂಪ.

ದಿಕ್ಕು ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಎಲ್ಲರಿಗೂ ಗೊತ್ತಾದ ಒಂದು ಘಟನೆ ಇದೆ. 2001ರಲ್ಲಿ ಅಫಿಮೆಟ್ರಿಕ್ಸ್‌ನ ಯು74 ಎಂಬ ಇಲಿಯ ಚಿಪ್‌ಗಳಲ್ಲಿ ಗಣನೀಯ ಭಾಗದ ಪ್ರೋಬ್‌ಗಳು ಉಲ್ಟಾ ದಿಕ್ಕಿನಲ್ಲಿವೆ ಎಂದು ಗೊತ್ತಾಯಿತು. ಸಾರ್ವಜನಿಕ ಡೇಟಾಬೇಸ್‌ನಿಂದ ತೆಗೆದುಕೊಂಡ ಸೀಕ್ವೆನ್ಸ್‌ಗಳ ದಿಕ್ಕನ್ನು ತಪ್ಪಾಗಿ ಓದಿದ್ದರು. ಆ ಪ್ರೋಬ್‌ಗಳು ಏನನ್ನೂ ಹಿಡಿಯುವ ಹಾಗಿರಲಿಲ್ಲ. ಕಂಪನಿ ಅದನ್ನು ಹೊರಗೆ ಹೇಳಿತು, ಎರಡನೇ ವರ್ಷನ್ನಿನ ಚಿಪ್ ತಂದಿತು. ಜೀನ್ ಹೆಸರಿನ ಕಾಲಂ ನೋಡಿದವರಿಗೆ ಈ ತಪ್ಪು ಎಂದಿಗೂ ಕಾಣುತ್ತಿರಲಿಲ್ಲ. ಹೆಸರುಗಳೆಲ್ಲ ಸರಿಯಾಗೇ ಇದ್ದವು. ತಪ್ಪಿದ್ದದ್ದು ಅಕ್ಷರಗಳಲ್ಲಿ.

ಗುರುತಿನ ನಡುವಿನ ಎಸ್ ಬಗ್ಗೆ ಹೇಳಬೇಕು. ಸುಮ್ನೆ ಎಟಿ ಎಂದಿದ್ದರೆ ಆ ಗುಂಪು ಒಂದೇ ಟ್ರಾನ್ಸ್‌ಕ್ರಿಪ್ಟ್‌ಗೆ, ಅಂದರೆ ಜೀನ್‌ನ ಒಂದೇ ಆರ್‌ಎನ್‌ಎ ರೂಪಕ್ಕೆ ಮೀಸಲು ಎಂದು ವಿನ್ಯಾಸ ಮಾಡಿದವರ ಲೆಕ್ಕ. ಎಸ್ ಇದ್ದರೆ ಒಂದಕ್ಕಿಂತ ಹೆಚ್ಚು ಟ್ರಾನ್ಸ್‌ಕ್ರಿಪ್ಟ್‌ಗಳು ಆ ಪ್ರೋಬ್‌ಗಳನ್ನು ಹಂಚಿಕೊಳ್ಳುತ್ತವೆ. ಎಕ್ಸ್ ಇದ್ದರೆ ಎಚ್ಚರ. ಗುಂಪಿನ ಕೆಲವು ಪ್ರೋಬ್‌ಗಳು ಬೇರೆ ಸೀಕ್ವೆನ್ಸ್‌ಗಳಿಗೂ ಹೊಂದುತ್ತವೆ.

ಈ ಎಕ್ಸ್ ಅಕ್ಷರವನ್ನು ನಾನು ಕಲಿತದ್ದು ಕಷ್ಟಪಟ್ಟೇ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಪ್ರಯೋಗಾಲಯದಲ್ಲಿದ್ದೆ. ಒಂದು ಜೀನ್ ಟ್ಯೂಮರ್ ಗೆಡ್ಡೆಯ ಸ್ಯಾಂಪಲ್‌ಗಳಲ್ಲಿ ಚೆನ್ನಾಗಿ ಏರಿತ್ತು. ಮೂರು ತಿಂಗಳು ಅದರ ಹಿಂದೆ ಬಿದ್ದೆ. ಅದೇ ಜೀನನ್ನು ಬೇರೆ ದಾರಿಯಲ್ಲಿ ಅಳೆಯುವ ಕ್ಯೂಪಿಸಿಆರ್ ಮಾಡಿದರೆ ಏರಿಕೆ ಇಲ್ಲ. ಪ್ರೈಮರ್ ಬದಲಾಯಿಸಿದೆ, ಆರ್‌ಎನ್‌ಎ ಮತ್ತೆ ತೆಗೆದೆ, ನನ್ನ ಕೈ ಸರಿಯಿಲ್ಲ ಎಂದುಕೊಂಡೆ. ಕೊನೆಗೆ ಒಬ್ಬ ಹಿರಿಯ ಸಹೋದ್ಯೋಗಿ ಪ್ರೋಬ್‌ಗಳ ಅಕ್ಷರ ತೆಗಿ ಎಂದರು. ಅಕ್ಷರಗಳು ಯಾವ ಜೀನ್‌ಗೆ ಹೊಂದುತ್ತವೆ ಎಂದು ಹುಡುಕುವ ಬ್ಲಾಸ್ಟ್‌ನಲ್ಲಿ ಒಂದೊಂದನ್ನೇ ಹಾಕಿದೆವು. ಗುಂಪಿನ ಅರ್ಧಕ್ಕಿಂತ ಹೆಚ್ಚು ಪ್ರೋಬ್‌ಗಳು ಅದೇ ಕುಟುಂಬದ ಇನ್ನೊಂದು ಜೀನ್‌ಗೂ ಪೂರ್ತಿ ಹೊಂದುತ್ತಿದ್ದವು. ಏರಿದ್ದು ಆ ಇನ್ನೊಂದು. ಗುರುತಿನಲ್ಲೇ ಎಕ್ಸ್ ಎಂದು ಬರೆದಿತ್ತು. ನೋಡಿರಲಿಲ್ಲ. ಆ ಸಂಜೆ ಪ್ರಿಂಟ್ ತೆಗೆದ ಹಾಳೆ ಈಗಲೂ ನನ್ನ ಬಳಿ ಇದೆ.

ಈಗ 9ನೇ ಕಾಲಂಗೆ ಬರೋಣ. ಜಿಪಿಎಲ್570ರಲ್ಲಿ 1007_ಎಸ್_ಎಟಿಯ ಮುಂದೆ ಜೀನ್ ಹೆಸರು ಏನಿದೆ? ಡಿಡಿಆರ್1, ಮೂರು ಓರೆಗೆರೆ, ಎಂಐಆರ್4640. ಎರಡು ಹೆಸರು, ಜಂಟಿ ಖಾತೆ.

ಡಿಡಿಆರ್1 ಜೀವಕೋಶದ ಹೊರಪೊರೆಯಲ್ಲಿ ಕೂರುವ ಒಂದು ರಿಸೆಪ್ಟರ್. ಕೊಲಾಜೆನ್ ತಾಗಿದರೆ ಎಚ್ಚರವಾಗುತ್ತದೆ. ಪೂರ್ತಿ ಹೆಸರು ಡಿಸ್ಕಾಯ್ಡಿನ್ ಡೊಮೈನ್ ರಿಸೆಪ್ಟರ್. ಡಿಎನ್‌ಎ ಡ್ಯಾಮೇಜ್ ರೆಸ್ಪಾನ್ಸ್‌ಗೂ ಡಿಡಿಆರ್ ಎನ್ನುತ್ತಾರೆ, ಅದಕ್ಕೂ ಇದಕ್ಕೂ ಸಂಬಂಧ ಇಲ್ಲ. ಹೆಸರು ನೋಡಿ ಊಹಿಸಬೇಡಿ. ಇದೇ ಜೀನ್‌ಗೆ ಹಿಂದೆ ಸಿಎಕೆ, ಇಡಿಡಿಆರ್1, ಎನ್‌ಟಿಆರ್‌ಕೆ4, ಪಿಟಿಕೆ3ಎ ಎಂಬ ಹೆಸರುಗಳೂ ಇದ್ದವು. ಹಳೆಯ ಲೇಖನಗಳಲ್ಲಿ ಹುಡುಕುವಾಗ ಬೇಕಾಗುತ್ತವೆ. ಇದು ಇರುವ ಜಾಗ 6ನೇ ಕ್ರೋಮೋಸೋಮ್‌ನ ಗಿಡ್ಡ ತೋಳು, ಪಿ21.33. ರೋಗನಿರೋಧಕ ಶಕ್ತಿಗೆ ಸಂಬಂಧಿಸಿದ ಎಚ್‌ಎಲ್‌ಎ ಜೀನ್‌ಗಳ ಊರು ಅದು. ಆ ಊರಿನ ಡಿಎನ್‌ಎ ಮನುಷ್ಯರಿಂದ ಮನುಷ್ಯರಿಗೆ ಬಹಳ ಬೇರೆ ಇರುವುದರಿಂದ ಜೀನೋಮ್ ನಕ್ಷೆಯಲ್ಲಿ ಆ ಭಾಗಕ್ಕೆ ಹಲವು ಬದಲಿ ಪ್ರತಿಗಳನ್ನೂ ಇಟ್ಟಿದ್ದಾರೆ. ಹಾಗಾಗಿ ನಮ್ಮ ಪ್ರೋಬ್‌ಗಳನ್ನು ಜೀನೋಮ್‌ಗೆ ಹೊಂದಿಸಿದರೆ ಒಂದಕ್ಕಿಂತ ಹೆಚ್ಚು ಕಡೆ ಸಿಕ್ಕಬಹುದು. ಗಾಬರಿಯಾಗಿ ಪ್ರೋಬ್ ಕೆಟ್ಟದ್ದು ಎನ್ನಬೇಡಿ. ಅದೇ ಜಾಗದ ಬೇರೆ ಬೇರೆ ಪ್ರತಿಗಳು ಅವು.

ಎಂಐಆರ್4640 ಎಲ್ಲಿಂದ ಬಂತು? ಅದು ಒಂದು ಮೈಕ್ರೋ ಆರ್‌ಎನ್‌ಎ, ಅಂದರೆ ಬೇರೆ ಜೀನ್‌ಗಳನ್ನು ಹತ್ತಿಕ್ಕುವ ಬಹಳ ಗಿಡ್ಡ ಆರ್‌ಎನ್‌ಎ. ಚಿಪ್ ವಿನ್ಯಾಸವಾದಾಗ ಅದು ಇದೆ ಎಂದೇ ಯಾರಿಗೂ ಗೊತ್ತಿರಲಿಲ್ಲ. ಚಿಪ್ಪಿನ ಹೆಸರಿನಲ್ಲಿರುವ 133 ಎಂದರೆ ಯೂನಿಜೀನ್ ಎಂಬ ಜೀನ್ ಸೀಕ್ವೆನ್ಸ್‌ಗಳ ಡೇಟಾಬೇಸ್‌ನ 133ನೇ ಆವೃತ್ತಿ. ಆ ಆವೃತ್ತಿ ನೋಡಿ ಚಿಪ್ ಕಟ್ಟಿದರು. ಯೂನಿಜೀನ್ 2019ರಲ್ಲಿ ನಿಂತೇ ಹೋಯಿತು, ಚಿಪ್ಪಿನ ಹೆಸರಿನಲ್ಲಿ ಮಾತ್ರ ಉಳಿದಿದೆ. ಆಮೇಲಿನ ವರ್ಷಗಳಲ್ಲಿ ಡಿಡಿಆರ್1 ಇರುವ ಜಾಗದಲ್ಲೇ ಒಂದು ಮೈಕ್ರೋ ಆರ್‌ಎನ್‌ಎ ಪತ್ತೆಯಾಯಿತು. ಜಾಗ ಒಂದೇ ಆದ್ದರಿಂದ ಹೆಸರಿನ ಪಟ್ಟಿಗೆ ಅದೂ ಸೇರಿತು. ಜಿಯೋದ ಪಟ್ಟಿಯಲ್ಲಿ ಹೆಸರು ಸೇರಿಸಿದ ತಾರೀಖೂ ಒಂದು ಕಾಲಂನಲ್ಲಿದೆ: 2014ರ ಅಕ್ಟೋಬರ್ 6.

ಈಗ ಯೋಚಿಸಿ. ಪಕ್ವವಾದ ಮೈಕ್ರೋ ಆರ್‌ಎನ್‌ಎ ಸುಮಾರು 22 ಅಕ್ಷರ ಉದ್ದ. ಅದಕ್ಕೆ ಎ ಅಕ್ಷರಗಳ ಬಾಲ ಇಲ್ಲ. ಬಾಲ ಹಿಡಿದು ನಕಲು ಮಾಡುವ ಈ ವಿಧಾನದಲ್ಲಿ ಅದು ಚಿಪ್ಪಿನವರೆಗೆ ಬರುವುದೇ ಇಲ್ಲ. ಆದರೂ ಪಟ್ಟಿ ಅದರ ಹೆಸರು ಹೇಳುತ್ತದೆ. ಮೂರು ಓರೆಗೆರೆಯ ಜಾಗದಲ್ಲಿ ಕತ್ತರಿಸಿ ಎರಡು ಜೀನ್ ಮಾಡುವ ಪ್ರೋಗ್ರಾಮ್ ಬರೆದವರು, ಎಂಐಆರ್4640 ಏರಿದೆ ಎಂದು ಕೋಷ್ಟಕ ಮಾಡಿಬಿಡುತ್ತಾರೆ. ಅಲ್ಲಿಂದ ಅದರ ಟಾರ್ಗೆಟ್ ಜೀನ್‌ಗಳು, ಅಲ್ಲಿಂದ ಪಾತ್‌ವೇ, ಅಲ್ಲಿಂದ ಒಂದು ಬಣ್ಣಬಣ್ಣದ ಚಿತ್ರ. ನನ್ನ ಮುಂದೆ ಬಂದ ಪ್ರಾಜೆಕ್ಟ್ ವರದಿಗಳಲ್ಲಿ ಇದನ್ನು ಕಂಡಿದ್ದೇನೆ. ನೋವಾಗುತ್ತದೆ. ಆ ಹುಡುಗರು ರಾತ್ರಿಯೆಲ್ಲ ಕೂತು ಮಾಡಿದ ಕೆಲಸ ಅದು.

ಹೆಸರು ಮಾತ್ರವಲ್ಲ, ಪ್ರೋಬ್‌ಗಳನ್ನು ಗುಂಪು ಮಾಡಿದ ರೀತಿಯೂ ಹಳತಾಗುತ್ತದೆ. 2005ರಲ್ಲಿ ಮಿಶಿಗನ್ ವಿಶ್ವವಿದ್ಯಾಲಯದ ತಂಡ ಒಂದು ದೊಡ್ಡ ಕೆಲಸ ಮಾಡಿತು. ಅಫಿಮೆಟ್ರಿಕ್ಸ್ ಚಿಪ್‌ಗಳ ಪ್ರೋಬ್‌ಗಳ ಅಕ್ಷರಗಳನ್ನೆಲ್ಲ ಹೊಸ ಜೀನೋಮ್ ನಕ್ಷೆಗೆ ಮತ್ತೆ ಹೊಂದಿಸಿತು. ಹೊಂದದವನ್ನು ತೆಗೆದುಹಾಕಿ, ಉಳಿದವನ್ನು ಹೊಸದಾಗಿ ಗುಂಪು ಮಾಡಿತು. ಅದೇ ಹಳೆಯ ಡೇಟಾವನ್ನು ಹೊಸ ಗುಂಪುಗಳಿಂದ ಲೆಕ್ಕ ಹಾಕಿದಾಗ, ಏರಿದ ಇಳಿದ ಜೀನ್‌ಗಳ ಪಟ್ಟಿಯಲ್ಲಿ 30ರಿಂದ 50 ಪರ್ಸೆಂಟ್‌ವರೆಗೂ ವ್ಯತ್ಯಾಸ ಬಂತು. ಹೊಳಪಿನ ಸಂಖ್ಯೆಗಳು ಒಂದೂ ಬದಲಾಗಿರಲಿಲ್ಲ. ಯಾವ ಮನೆ ಯಾರದ್ದು ಎಂಬುದು ಬದಲಾಗಿತ್ತು. ಆ ಹೊಸ ಗುಂಪುಗಳು ಬ್ರೈನ್‌ಅರೇ ಎಂಬ ಹೆಸರಿನಲ್ಲಿ ಸಿಗುತ್ತವೆ, ನಾನು ಅವನ್ನೇ ಬಳಸುತ್ತೇನೆ.

ಒಂದು ಜೀನ್‌ಗೆ ಹಲವು ಗುಂಪು ಇದ್ದರೆ ಯಾವುದನ್ನು ನಂಬಬೇಕು ಎಂದು ಮುಂದಿನ ಸಾಲಿನಿಂದ ಒಬ್ಬರು ಕೇಳಿದರು. ಒಳ್ಳೆಯ ಪ್ರಶ್ನೆ. ಈಸ್ಟ್ರೊಜೆನ್ ರಿಸೆಪ್ಟರ್ ಜೀನ್ ಇಎಸ್‌ಆರ್1 ತೆಗೆದುಕೊಳ್ಳಿ. ಅದೇ ಕಂಪನಿಯ ಯು133ಎ ಚಿಪ್ಪಿನಲ್ಲಿ ಅದರ ಹೆಸರಿನಲ್ಲಿ ಒಂಬತ್ತು ಗುಂಪುಗಳಿವೆ. ಹಲವದರಲ್ಲಿ ಎಕ್ಸ್ ಇದೆ. ಸ್ತನ ಕ್ಯಾನ್ಸರ್ ಗೆಡ್ಡೆಯಲ್ಲಿ ಈ ರಿಸೆಪ್ಟರ್ ಇದೆಯೋ ಇಲ್ಲವೋ ಎಂದು ಚಿಪ್ಪಿನಿಂದ ಹೇಳಬೇಕಾದಾಗ ಸಂಶೋಧಕರು ಆರಿಸಿಕೊಂಡದ್ದು 205225_ಎಟಿ. ಒಂಬತ್ತರ ಸರಾಸರಿ ತೆಗೆದರೆ ಒಳ್ಳೆಯದನ್ನು ಕೆಟ್ಟದ್ದರ ಜೊತೆ ಕಲಸಿದಂತೆ. ಇಂಥ ಗೆಡ್ಡೆಗೆ ಯಾವ ಔಷಧಿ ಎಂಬ ತೀರ್ಮಾನದ ಹತ್ತಿರಕ್ಕೆ ಹೋಗುವ ವಿಷಯ ಇದು. ಒಂಬತ್ತರ ವಿವರವನ್ನೂ ತೆರೆದು ನೋಡುವುದಕ್ಕೆ ಅರ್ಧ ಗಂಟೆ ಸಾಕು.

ಅಜಿಲೆಂಟ್ ಎಂಬ ಇನ್ನೊಂದು ಕಂಪನಿಯ ಚಿಪ್ ಬಳಸುವವರಿಗೆ ಒಂದು ಮಾತು. ಅದರ ಪ್ರೋಬ್ 60 ಅಕ್ಷರ ಉದ್ದ, ಇಂಕ್‌ಜೆಟ್ ಪ್ರಿಂಟರ್ ಹಾಗೆ ಗಾಜಿನ ಮೇಲೆ ಸಿಂಪಡಿಸಿ ಕಟ್ಟುತ್ತಾರೆ. ವ್ಯಕ್ತಿಯಿಂದ ವ್ಯಕ್ತಿಗೆ ಒಂದು ಅಕ್ಷರ ಬದಲಾದರೂ 60ರ ಪ್ರೋಬ್ ತಡೆದುಕೊಳ್ಳುತ್ತದೆ. 25ರದ್ದು ತಡೆಯುವುದು ಕಷ್ಟ, ಅದರಲ್ಲೂ ನಡುವೆ ಬಂದರೆ. ಈ ಕೆಲಸದಲ್ಲಿ ನಮ್ಮ ಬೆಂಗಳೂರಿನ ಪಾಲೂ ಇದೆ. ಐಐಎಸ್‌ಸಿಯ ಪ್ರಾಧ್ಯಾಪಕರು 2000ದಲ್ಲಿ ಶುರು ಮಾಡಿದ ಸ್ಟ್ರಾಂಡ್ ಕಂಪನಿಯ ಅವದಿಸ್ ಎಂಬ ತಂತ್ರಾಂಶದ ಮೇಲೆಯೇ ಮೈಕ್ರೋಅರೇ ಡೇಟಾ ವಿಶ್ಲೇಷಿಸುವ ಅಜಿಲೆಂಟ್‌ನ ಜೀನ್‌ಸ್ಪ್ರಿಂಗ್ ಜಿಎಕ್ಸ್ ನಿಂತಿದ್ದು. ಚಿತ್ರದ ಒಂದು ಚುಕ್ಕೆಯನ್ನು ಕ್ಲಿಕ್ ಮಾಡಿ ಅದರ ಪ್ರೋಬ್ ವಿವರ ತೆರೆಯುವ ಸೌಕರ್ಯ ಅದರಲ್ಲಿದೆ. ಪ್ರಪಂಚದ ಎಷ್ಟೋ ಪ್ರಯೋಗಾಲಯಗಳು ಬಳಸಿದ ಆ ಕಿಟಕಿಯ ಕೋಡ್ ಬರೆದವರಲ್ಲಿ ನಮ್ಮೂರಿನವರೂ ಇದ್ದಾರೆ ಎಂದು ನೆನೆದರೆ ನನಗೆ ಈಗಲೂ ಖುಷಿಯಾಗುತ್ತದೆ.

ಪಟ್ಟಿಯನ್ನು ಎಕ್ಸೆಲ್‌ನಲ್ಲಿ ಸುಮ್ನೆ ತೆರೆಯಬೇಡಿ, ಇದೂ ನೆನಪಿರಲಿ. ಎಂಎಆರ್‌ಸಿಎಚ್1 ಎಂಬ ಜೀನ್ ಅದರಲ್ಲಿ ಮಾರ್ಚ್ 1ನೇ ತಾರೀಖಾಗುತ್ತದೆ. ಇದರ ಕಾಟ ತಡೆಯಲಾರದೆ 2020ರ ಹೊತ್ತಿಗೆ ಜೀನ್‌ಗಳ ಹೆಸರನ್ನೇ ಬದಲಾಯಿಸಿದರು. ಹಳೆಯ ಪಟ್ಟಿಗಳಲ್ಲಿ ಹಳೆಯ ಹೆಸರೇ ಇದೆ.

ಕೊನೆಗೆ ಒಬ್ಬ ವಿದ್ಯಾರ್ಥಿನಿ ಎದ್ದು ನಿಂತರು. "ಸರ್, ನನ್ನ ಪ್ರಾಜೆಕ್ಟ್‌ನಲ್ಲಿ ಇದೇ 1007_ಎಸ್_ಎಟಿ ಬಂದಿದೆ. ಎರಡು ಹೆಸರನ್ನೂ ಬರೆದಿದ್ದೇನೆ. ಏನು ಮಾಡಲಿ?"

ಇವತ್ತು ರಾತ್ರಿ ಅದರ ಎಲ್ಲ ಪ್ರೋಬ್‌ಗಳ ಅಕ್ಷರ ತೆಗೆಯಿರಿ ಎಂದೆ. ಯುಸಿಎಸ್‌ಸಿ ಜೀನೋಮ್ ಬ್ರೌಸರ್ ಎಂಬ ವೆಬ್‌ಸೈಟಿನಲ್ಲಿ ಬ್ಲಾಟ್ ಎಂಬ ಹುಡುಕುವ ಸಾಧನ ಇದೆ. ಅದರಲ್ಲಿ ಒಂದೊಂದಾಗಿ ಅಂಟಿಸಿ. ಎಷ್ಟು 6ನೇ ಕ್ರೋಮೋಸೋಮ್‌ನ ಆ ಜಾಗಕ್ಕೆ ಹೋದವು, ಬೇರೆಲ್ಲಾದರೂ ಹೋದವೇ, ಡಿಡಿಆರ್1ರ ಯಾವ ಎಕ್ಸಾನ್ (ಎಂಆರ್‌ಎನ್‌ಎಯಲ್ಲಿ ಉಳಿಯುವ ತುಂಡು) ಮೇಲೆ ಕೂತವು, ಎಂಐಆರ್4640 ಇರುವ ತುಂಡಿನ ಮೇಲೆ ಒಂದಾದರೂ ಕೂತಿತೇ ಎಂದು ನೋಟ್‌ಬುಕ್‌ನಲ್ಲಿ ಬರೆದುಕೊಳ್ಳಿ. ಆಮೇಲೆ ವರದಿಯಲ್ಲಿ ಹೆಸರಿಗಿಂತ ಮೊದಲು ಇಷ್ಟು ಬರೆಯಿರಿ: ಎಚ್‌ಜಿ-ಯು133 ಪ್ಲಸ್ 2.0 ಚಿಪ್, ಪ್ರೋಬ್ ಗುಂಪು 1007_ಎಸ್_ಎಟಿ, ವಿನ್ಯಾಸಕ್ಕೆ ಬಳಸಿದ ಸೀಕ್ವೆನ್ಸ್ ಯು48705, ಹೆಸರಿನ ಪಟ್ಟಿಯ ತಾರೀಖು 2014ರ ಅಕ್ಟೋಬರ್ 6, ಪ್ರೋಬ್‌ಗಳನ್ನು ನಾನೇ ಜೀನೋಮ್‌ಗೆ ಹೊಂದಿಸಿ ನೋಡಿದ ದಿನ ಇಂಥದ್ದು.

ಅವರು ಕೂತಲ್ಲೇ ಲ್ಯಾಪ್‌ಟಾಪ್ ತೆರೆದರು. ಪಕ್ಕದಲ್ಲಿದ್ದ ಗೆಳತಿ ಸ್ಕ್ರೀನ್ ನೋಡಿ ಮೆಲ್ಲಗೆ ಓದಿ ಹೇಳತೊಡಗಿದಳು: ಸಿ, ಎ, ಸಿ, ಸಿ, ಸಿ, ಎ, ಜಿ...